ವರ್ಡ್‌ಪ್ರೆಸ್ ತಾನಾಗೇ ಮಾಡೋ ಟೈಪೋಗ್ರಫಿ ಅಲಂಕಾರದಿಂದ ಕೆಲವೇ ಶೀರ್ಷಿಕೆಗಳನ್ನು ಬಿಡಿಸೋದು ಹೇಗೆ?

ವರ್ಡ್‌ಪ್ರೆಸ್‌ನಲ್ಲಿ ಒಂದು ಬರಹಕ್ಕೆ "ಗಿಟ್ ಪುಶ್ --ಫೋರ್ಸ್ ಯಾವಾಗ ಬಳಸಬಾರದು" ಅಂತ ಶೀರ್ಷಿಕೆ ಕೊಟ್ಟು ಪ್ರಕಟಿಸಿ ನೋಡಿ. ಪುಟ ತೆರೆದರೆ ಅಲ್ಲಿ ಎರಡು ಹೈಫನ್ ಇರೋದಿಲ್ಲ. ಹೈಫನ್‌ಗಿಂತ ಉದ್ದದ ಒಂದೇ ಒಂದು ಗೆರೆ ಇರುತ್ತದೆ: "–ಫೋರ್ಸ್". ನೋಡೋಕೆ ಚೆನ್ನಾಗೇ ಇದೆ, ಆದರೆ ಯಾರಾದರೂ ಅದನ್ನು ಕಾಪಿ ಮಾಡಿ ಟರ್ಮಿನಲ್‌ಗೆ ಅಂಟಿಸಿದರೆ ಕಮಾಂಡ್ ನಡೆಯೋದಿಲ್ಲ, ಏಕೆಂದರೆ ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ದಾಖಲಿಸೋ ಸಾಧನ) ಬೇಕಿರೋದು ಎರಡು ಹೈಫನ್, ಅಂದದ ಗೆರೆ ಅಲ್ಲ.

ಇದನ್ನು ಮಾಡೋದು ವರ್ಡ್‌ಪ್ರೆಸ್‌ನ ಒಳಗೇ ಇರುವ ಡಬ್ಲ್ಯುಪಿಟೆಕ್ಸ್ಚರೈಜ್ ಅನ್ನೋ ಫಂಕ್ಷನ್. ನೀವು ಯಾವ ಪ್ಲಗಿನ್ ಹಾಕದೇ ಇದ್ದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಅದನ್ನು ಇಡೀ ಸೈಟಿಗೆ ಆಫ್ ಮಾಡೋದು ಸುಲಭ. ಬೇಕಾದ ನಾಲ್ಕೈದು ಪುಟಗಳ ಶೀರ್ಷಿಕೆಯನ್ನು ಮಾತ್ರ ಬಿಟ್ಟುಬಿಡು ಅನ್ನೋದು ಸ್ವಲ್ಪ ಕಷ್ಟ, ಅದರಲ್ಲೂ ಹೊಸ ಬ್ಲಾಕ್ ಥೀಮ್‌ಗಳು (ಇಡೀ ಪುಟವನ್ನು ಬ್ಲಾಕ್ ಅನ್ನೋ ತುಂಡುಗಳಿಂದ ಕಟ್ಟೋ ವಿನ್ಯಾಸಗಳು) ಬಂದ ಮೇಲೆ ಹಳೇ ಉಪಾಯ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಎರಡೂ ಕಡೆ ನಡೆಯೋ ದಾರಿ ಯಾವುದು ಅಂತ ಇಲ್ಲಿ ಹೇಳುತ್ತೇನೆ.

ಒಂದು ಮಾತು ಮೊದಲೇ. ಕೋಡ್‌ನ ಹೆಸರುಗಳನ್ನು ಓದೋಕೆ ಸಲೀಸಾಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಅಂಡರ್‌ಸ್ಕೋರ್ ಇರೋ ಜಾಗದಲ್ಲಿ ಅಂಡರ್‌ಸ್ಕೋರೇ ಹಾಕಿದ್ದೇನೆ. ವರ್ಡ್‌ಪ್ರೆಸ್‌ನವು, ಪಿಎಚ್‌ಪಿಯವು ಆದ ಹೆಸರುಗಳನ್ನೆಲ್ಲ ನಿಮ್ಮ ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಏನೇನು ಬದಲಾಗುತ್ತದೆ

ನೆಟ್ಟಗಿರೋ ಕೋಟ್‌ಗಳು ಬಾಗಿದ ಕೋಟ್ ಆಗುತ್ತವೆ. ಎರಡು ಹೈಫನ್ ಪದಕ್ಕೆ ಅಂಟಿಕೊಂಡಿದ್ದರೆ ಮಧ್ಯಮ ಉದ್ದದ ಗೆರೆ, ಎರಡೂ ಬದಿ ಸ್ಪೇಸ್ ಇದ್ದರೆ ಉದ್ದ ಗೆರೆ. ಮೂರು ಹೈಫನ್ ಆದರೂ ಉದ್ದ ಗೆರೆಯೇ. ಒಂಟಿ ಹೈಫನ್‌ನ ಎರಡೂ ಬದಿ ಸ್ಪೇಸ್ ಇದ್ದರೆ, ಅಂದರೆ "ಮೈಸೂರು - ಬೆಂಗಳೂರು" ಅಂತ ಬರೆದರೆ, ಅದೂ ಮಧ್ಯಮ ಗೆರೆ ಆಗುತ್ತದೆ. ಮೂರು ಚುಕ್ಕಿ ಸೇರಿ ಒಂದೇ ಅಕ್ಷರವಾಗುತ್ತದೆ. ಕಾದಂಬರಿ ವಿಮರ್ಶೆಯ ಶೀರ್ಷಿಕೆಗೆ ಇದರಿಂದ ಏನೂ ತೊಂದರೆ ಇಲ್ಲ, ಆದರೆ ಗೋ ಭಾಷೆಯಲ್ಲಿ ಎಲ್ಲಾ ಪ್ಯಾಕೇಜ್‌ಗಳನ್ನೂ ಸೂಚಿಸೋಕೆ ./... ಅಂತ ಬರೆಯುತ್ತೇವಲ್ಲ, ಅದು ಕೆಡುತ್ತದೆ. ಎಸ್‌ಕ್ಯೂಎಲ್‌ನಲ್ಲಿ ಖಾಲಿ ಸ್ಟ್ರಿಂಗ್‌ಗೆ ಅಕ್ಕಪಕ್ಕ ಎರಡು ಒಂಟಿ ಕೋಟ್ ಹಾಕುತ್ತೇವೆ. ಅವೆರಡೂ ಸೇರಿ ಒಂದು ಮುಚ್ಚೋ ಜೋಡಿ ಕೋಟ್ ಆಗಿಬಿಡುತ್ತದೆ.

ಅಂಕಿಗಳ ನಡುವೆ ಇಂಗ್ಲಿಷಿನ ಎಕ್ಸ್ ಇದ್ದರೆ ಅದು ಗುಣಾಕಾರ ಚಿಹ್ನೆ ಆಗುತ್ತದೆ. ನಮ್ಮಲ್ಲಿ ಸೈಟಿನ ಅಳತೆ ಬರೆಯೋದೇ ಹಾಗೆ ಅಲ್ವಾ, 30, ಎಕ್ಸ್, 40 ಅಂತ? ಅದು ಪುಟದಲ್ಲಿ 30×40 ಅಂತ ಕಾಣುತ್ತದೆ. ನನ್ನ ಕೇಳಿದರೆ ಇದು ಒಳ್ಳೇ ಬದಲಾವಣೆ, ಮನೆ ಪ್ಲಾನ್ ಕುರಿತ ಬರಹಕ್ಕೆ ಹಾಗೇ ಇರಲಿ. ಆದರೆ ಪುಟದಲ್ಲಿ ಕಂಟ್ರೋಲ್ ಎಫ್ ಒತ್ತಿ ಎಕ್ಸ್ ಹಾಕಿ ಹುಡುಕಿದವರಿಗೆ ಆ ಶೀರ್ಷಿಕೆ ಸಿಗದೇ ಹೋಗಬಹುದು, ಅದೂ ನೆನಪಿರಲಿ. ಕನ್ನಡ ಅಂಕಿಯಲ್ಲಿ ಬರೆದರೆ ಈ ನಿಯಮ ಅನ್ವಯಿಸುವುದೇ ಇಲ್ಲ, ಅದು ನೋಡೋದು ಇಂಗ್ಲಿಷ್ ಅಂಕಿಗಳನ್ನು ಮಾತ್ರ. ಇನ್ನೊಂದು ತಮಾಷೆ: ಕನ್ನಡ ಲಿಪಿಯ ಡೊಮೇನ್ ಹೆಸರುಗಳು ಒಳಗೆ ಎಕ್ಸ್ ಎನ್ ಮತ್ತು ಎರಡು ಹೈಫನ್‌ನಿಂದ ಶುರುವಾಗುವ ಪ್ಯೂನಿಕೋಡ್ ರೂಪದಲ್ಲಿ ಇರುತ್ತವೆ. ಆ ಹೈಫನ್‌ಗಳನ್ನು ಮಾತ್ರ ಮುಟ್ಟಬಾರದು ಅಂತ ಫಂಕ್ಷನ್‌ನಲ್ಲೇ ಬರೆದಿಟ್ಟಿದ್ದಾರೆ.

ಇದರ ಜೊತೆ ಇನ್ನೊಬ್ಬ ಇದ್ದಾನೆ, ಕ್ಯಾಪಿಟಲ್_ಪಿ_ಡ್ಯಾಂಗಿಟ್. 2010ರಲ್ಲಿ, 3.0 ಆವೃತ್ತಿಯಲ್ಲಿ ಬಂದದ್ದು. ಇಂಗ್ಲಿಷಿನಲ್ಲಿ ವರ್ಡ್‌ಪ್ರೆಸ್ ಅಂತ ಬರೆಯುವಾಗ ನಡುವಿನ ಪಿ ಸಣ್ಣದಾಗಿದ್ದರೆ ಅದನ್ನು ದೊಡ್ಡದು ಮಾಡೋದು ಅದರ ಏಕೈಕ ಕೆಲಸ. ಕನ್ನಡದಲ್ಲಿ ಬರೆದರೆ ಅದಕ್ಕೆ ಏನೂ ಕಾಣಿಸೋದಿಲ್ಲ, ಹಾಗಾಗಿ ನಮಗೆ ಇದರ ಕಾಟ ಕಡಿಮೆ.

ಸಮಾಧಾನದ ವಿಷಯ ಏನಂದರೆ ಇದೆಲ್ಲ ನಡೆಯೋದು ತೋರಿಸುವ ಹೊತ್ತಿಗೆ ಮಾತ್ರ. ಡೇಟಾಬೇಸ್‌ನಲ್ಲಿ ನೀವು ಟೈಪ್ ಮಾಡಿದ್ದೇ ಇರುತ್ತದೆ. ಎಡಿಟ್ ಪುಟಕ್ಕೆ ಹೋದರೆ ಎರಡು ಹೈಫನ್ ಹಾಗೇ ಕಾಣುತ್ತವೆ. ಅಂದರೆ ಯಾವ ಶೀರ್ಷಿಕೆಯನ್ನೂ ಮತ್ತೆ ಟೈಪ್ ಮಾಡಬೇಕಾಗಿಲ್ಲ, ತೋರಿಸೋ ದಾರಿಯನ್ನು ಸರಿ ಮಾಡಿದರೆ ಸಾಕು.

ಮೊದಲು ಕಳ್ಳ ಯಾರು ಅಂತ ನೋಡಿ

ಶೀರ್ಷಿಕೆ ಬದಲಾಗಿದೆ ಅಂದ ಕೂಡಲೇ ಕೋಡ್ ಬರೆಯೋಕೆ ಹೋಗಬೇಡಿ. ಪುಟವನ್ನು ಬ್ರೌಸರ್‌ನಲ್ಲಿ ತೆರೆದು ಕಂಟ್ರೋಲ್ ಯು ಒತ್ತಿ, ಸೋರ್ಸ್ ನೋಡಿ. ಡೆವಲಪರ್ ಟೂಲ್ಸ್‌ನ ಎಲಿಮೆಂಟ್ಸ್ ಭಾಗ ಸಾಲದು, ಅದು ಎಂಟಿಟಿಗಳನ್ನೆಲ್ಲ (ಚಿಹ್ನೆಯ ಬದಲು ಬರೆಯೋ ಸಂಕೇತಗಳನ್ನು) ಬಿಡಿಸಿ ತೋರಿಸುತ್ತದೆ. ನಮಗೆ ಬೇಕಿರೋದು ಸರ್ವರ್ ಕಳಿಸಿದ ಮೂಲ.

ಅಲ್ಲಿ ಶೀರ್ಷಿಕೆಯ ಒಳಗೆ &#8211; ಅಥವಾ &#8212; ಕಂಡರೆ ಗೆರೆಗಳನ್ನು ಬದಲಿಸಿದ್ದು ಡಬ್ಲ್ಯುಪಿಟೆಕ್ಸ್ಚರೈಜ್. &#8220; ಮತ್ತು &#8221; ಜೋಡಿ ಕೋಟ್, &#8216; ಮತ್ತು &#8217; ಒಂಟಿ ಕೋಟ್, &#8230; ಮೂರು ಚುಕ್ಕಿ, &#215; ಗುಣಾಕಾರ ಚಿಹ್ನೆ. ವರ್ಡ್‌ಪ್ರೆಸ್ ಇವನ್ನು ಅಂಕಿ ರೂಪದಲ್ಲೇ ಕಳಿಸುತ್ತದೆ, ಅದೇ ಅದರ ಬೆರಳಚ್ಚು.

ಸೋರ್ಸ್‌ನಲ್ಲಿ ಅಂಕಿ ಇಲ್ಲ, ಬಾಗಿದ ಕೋಟೇ ನೇರವಾಗಿ ಇದೆ ಅಂದರೆ ಎಡಿಟ್ ಪುಟ ತೆರೆದು ನೋಡಿ. ಅಲ್ಲೂ ಬಾಗಿದ್ದೇ ಇದ್ದರೆ ಬರೆದವರೇ ಹಾಗೆ ಹಾಕಿದ್ದಾರೆ, ಗೊತ್ತಿಲ್ಲದೆ. ವರ್ಡ್‌ನಿಂದಲೋ ಗೂಗಲ್ ಡಾಕ್ಸ್‌ನಿಂದಲೋ ಅಂಟಿಸಿರುತ್ತಾರೆ. ಐಫೋನ್‌ನಲ್ಲಿ ಟೈಪ್ ಮಾಡಿದರೂ ಹೀಗಾಗುತ್ತದೆ, 2017ರ ಐಓಎಸ್ 11ರಿಂದ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಸ್ಮಾರ್ಟ್ ಪಂಕ್ಚುಯೇಶನ್ ಅಂತ ಒಂದು ಸ್ವಿಚ್ ಇದೆ, ಅದು ಅಲ್ಲೇ ಎರಡು ಹೈಫನ್‌ನ್ನು ಗೆರೆ ಮಾಡಿಬಿಡುತ್ತದೆ. ಇಂಥದಕ್ಕೆ ಯಾವ ಫಿಲ್ಟರೂ (ವರ್ಡ್‌ಪ್ರೆಸ್ ಕೊಡೋ ಬೆಲೆಯನ್ನು ನಮ್ಮ ಕೋಡ್‌ನಿಂದ ನಡುವೆ ಬದಲಿಸೋ ಕೊಂಡಿ) ಮದ್ದಲ್ಲ. ಶೀರ್ಷಿಕೆಯನ್ನೇ ತಿದ್ದಬೇಕು, ಸ್ವಿಚ್ ಆಫ್ ಮಾಡಬೇಕು.

ಸೋರ್ಸ್‌ನಲ್ಲಿ ಎಲ್ಲಾ ನೆಟ್ಟಗಿದೆ, ಪರದೆ ಮೇಲೆ ಮಾತ್ರ ಬೇರೆ ಕಾಣುತ್ತಿದೆ ಅಂದರೆ ಅದು ಸಿಎಸ್‌ಎಸ್ ಇರಬಹುದು, ಫಾಂಟ್ ಇರಬಹುದು, ಯಾವುದೋ ಜಾವಾಸ್ಕ್ರಿಪ್ಟ್ ಇರಬಹುದು. ಕೋಡ್ ಬರೆಯೋರಿಗೆ ಅಂತಲೇ ಮಾಡಿದ ಕೆಲವು ಫಾಂಟ್‌ಗಳು ಎರಡು ಹೈಫನ್‌ನ್ನು ಜೋಡಿಸಿ ಒಂದೇ ಗೆರೆಯ ಥರ ತೋರಿಸುತ್ತವೆ, ಕಾಪಿ ಮಾಡಿದರೆ ಮಾತ್ರ ಎರಡೇ ಬರುತ್ತವೆ. ಸಿಎಸ್‌ಎಸ್ ಕಥೆ ಕೊನೆಯಲ್ಲಿ ಇದೆ.

ಇಡೀ ಸೈಟಿಗೆ ಆಫ್ ಮಾಡೋದು ಯಾಕೆ ಬೇಡ

ರನ್_ಡಬ್ಲ್ಯುಪಿಟೆಕ್ಸ್ಚರೈಜ್ ಅಂತ ಒಂದು ಫಿಲ್ಟರ್ ಇದೆ, 4.0 ಆವೃತ್ತಿಯಿಂದ. ಅದಕ್ಕೆ ಫಾಲ್ಸ್ ಅಂತ ಉತ್ತರ ಕೊಟ್ಟರೆ ಅಲಂಕಾರ ಪೂರ್ತಿ ನಿಂತುಹೋಗುತ್ತದೆ. ಹುಡುಕಿದರೆ ಎಲ್ಲರೂ ಮೊದಲು ಹೇಳೋದು ಇದನ್ನೇ. ಆದರೆ ಇದು ಬರಹದ ಒಳಗಿನ ಕೋಟ್‌ಗಳನ್ನೂ, ಗೆರೆಗಳನ್ನೂ ಒರಟಾಗಿಯೇ ಬಿಡುತ್ತದೆ. ಎರಡು ಶೀರ್ಷಿಕೆಗೋಸ್ಕರ ಇನ್ನೂರು ಬರಹಗಳ ಅಂದ ಕೆಡಿಸಬೇಕಾ?

ಸರಿ, ಇದರೊಳಗೇ "ಈ ಪುಟ ಆದರೆ ಮಾತ್ರ" ಅಂತ ಷರತ್ತು ಹಾಕೋಣ ಅಂದುಕೊಂಡರೆ ಅದೂ ಆಗಲ್ಲ. ಈ ಫಿಲ್ಟರ್ ಓಡೋದು ಪುಟ ತಯಾರಾಗುವಾಗ ಒಂದೇ ಸಲ, ಡಬ್ಲ್ಯುಪಿಟೆಕ್ಸ್ಚರೈಜ್‌ನ್ನು ಮೊದಲ ಬಾರಿ ಕರೆದಾಗ. ಆಗ ಕೊಟ್ಟ ಉತ್ತರವನ್ನೇ ಕೊನೆಯವರೆಗೂ ಇಟ್ಟುಕೊಳ್ಳುತ್ತದೆ. ಮುಖಪುಟದಲ್ಲಿ ಹತ್ತು ಶೀರ್ಷಿಕೆ ಇದ್ದರೆ ಮೂರನೆಯದಕ್ಕೆ ಬೇಡ, ಉಳಿದವಕ್ಕೆ ಬೇಕು ಅಂತ ಇದಕ್ಕೆ ಹೇಳೋಕೆ ದಾರಿಯೇ ಇಲ್ಲ.

ಹಳೇ ದಾರಿ, ಅದು ಎಲ್ಲಿ ಸೋಲುತ್ತದೆ

ಶೀರ್ಷಿಕೆ ತೋರಿಸುವಾಗೆಲ್ಲ ವರ್ಡ್‌ಪ್ರೆಸ್ ಅದನ್ನು ದ_ಟೈಟಲ್ ಅನ್ನೋ ಫಿಲ್ಟರ್ ಮೂಲಕ ಕಳಿಸುತ್ತದೆ. ಅಲ್ಲಿ 10ನೇ ಆದ್ಯತೆಯಲ್ಲಿ ಡಬ್ಲ್ಯುಪಿಟೆಕ್ಸ್ಚರೈಜ್ ಕಾದು ಕೂತಿರುತ್ತದೆ, 11ರಲ್ಲಿ ಆ ಪಿ ದೊಡ್ಡದು ಮಾಡೋನು. ರಿಮೂವ್_ಫಿಲ್ಟರ್ ಬಳಸಿ ಮೊದಲನೆಯದನ್ನು ಅಲ್ಲಿಂದ ಎಬ್ಬಿಸಿ, ಅದರ ಜಾಗದಲ್ಲಿ ನಮ್ಮದೊಂದು ಫಂಕ್ಷನ್ ಕೂರಿಸಿ, ಬಿಡಬೇಕಾದ ಪುಟ ಆದರೆ ಸುಮ್ನೆ ಹಾಗೇ ವಾಪಸ್ ಕೊಡು, ಇಲ್ಲದಿದ್ದರೆ ನೀನೇ ಡಬ್ಲ್ಯುಪಿಟೆಕ್ಸ್ಚರೈಜ್ ಕರೆ ಅಂತ ಬರೆಯೋದು ಹಳೇ ದಾರಿ. ಕ್ಲಾಸಿಕ್ ಥೀಮ್‌ಗಳಲ್ಲಿ ಇದು ಇವತ್ತಿಗೂ ಚೆನ್ನಾಗೇ ನಡೆಯುತ್ತದೆ.

ಬ್ಲಾಕ್ ಥೀಮ್‌ನಲ್ಲಿ, ಅಂದರೆ ಟ್ವೆಂಟಿ ಟ್ವೆಂಟಿ-ಟೂ ಮತ್ತು ಅದರ ಮುಂದಿನವುಗಳಲ್ಲಿ, ಇದು ಕೈಕೊಡುತ್ತದೆ. ಅಲ್ಲಿ ವರ್ಡ್‌ಪ್ರೆಸ್ ಇಡೀ ಟೆಂಪ್ಲೇಟನ್ನು ತಯಾರಿಸಿ, ಎಲ್ಲಾ ಬ್ಲಾಕ್‌ಗಳೂ ಎಚ್‌ಟಿಎಂಎಲ್ ಆದ ಮೇಲೆ, ಒಟ್ಟು ಪುಟದ ಮೇಲೇ ಇನ್ನೊಮ್ಮೆ ಡಬ್ಲ್ಯುಪಿಟೆಕ್ಸ್ಚರೈಜ್ ಓಡಿಸುತ್ತದೆ. ನೀವು ದ_ಟೈಟಲ್‌ನಲ್ಲಿ ಉಳಿಸಿಕೊಂಡ ಹೈಫನ್‌ಗಳು ಈ ಎರಡನೇ ಸುತ್ತಿನಲ್ಲಿ ಸಿಕ್ಕಿಬೀಳುತ್ತವೆ. ಫಿಲ್ಟರ್ ತೆಗೆದರೂ ಏನೂ ಬದಲಾಗಲಿಲ್ಲ ಅಂತ ಜನ ತಲೆ ಕೆರೆದುಕೊಳ್ಳೋದು ಬಹಳ ಸಲ ಇದೇ ಕಾರಣಕ್ಕೆ.

ಪ್ರಿ, ಕೋಡ್, ಕೆಬಿಡಿ, ಸ್ಟೈಲ್, ಸ್ಕ್ರಿಪ್ಟ್, ಟಿಟಿ ಅನ್ನೋ ಟ್ಯಾಗ್‌ಗಳ ಒಳಗಿನದನ್ನು ಆ ಫಂಕ್ಷನ್ ಮುಟ್ಟೋದಿಲ್ಲ. ಹಳೇ ದಾರಿಯ ಜೊತೆಗೇ, ಈ ಪಟ್ಟಿಗೆ ನೋ_ಟೆಕ್ಸ್ಚರೈಜ್_ಟ್ಯಾಗ್ಸ್ ಫಿಲ್ಟರ್ ಮೂಲಕ ಎಚ್1 ಸೇರಿಸಬಹುದು. ಆದರೆ ಅದು ನೋಡೋದು ಟ್ಯಾಗ್‌ನ ಹೆಸರು ಮಾತ್ರ, ಕ್ಲಾಸ್ ಅಲ್ಲ. ಸೇರಿಸಿದರೆ ಎಲ್ಲಾ ಎಚ್1ಗಳೂ ಹೊರಗೆ. ಇಂಥ ಪುಟದಲ್ಲಿದ್ದರೆ ಮಾತ್ರ ಸೇರಿಸು ಅಂತ ಷರತ್ತು ಹಾಕಿದರೆ ಆ ಪುಟದಲ್ಲಿ ಸರಿಹೋಗುತ್ತದೆ, ಮುಖಪುಟದ ಪಟ್ಟಿಯಲ್ಲೂ ಹುಡುಕಾಟದ ಫಲಿತಾಂಶದಲ್ಲೂ ಅದೇ ಶೀರ್ಷಿಕೆ ಮತ್ತೆ ಅಲಂಕಾರ ಮಾಡಿಕೊಂಡು ಕೂತಿರುತ್ತದೆ. ನನಗೆ ಈ ದಾರಿ ಇಷ್ಟವಿಲ್ಲ.

ಶೀರ್ಷಿಕೆಯೊಳಗೇ ಕೋಡ್ ಟ್ಯಾಗ್ ಬರೆಯೋದೂ ಒಂದು ಉಪಾಯ. ನಡೆಯುತ್ತದೆ, ಆದರೆ ಶೀರ್ಷಿಕೆಯೊಳಗೆ ಎಚ್‌ಟಿಎಂಎಲ್ ತುಂಬಿದರೆ ಅದು ಎಲ್ಲೆಲ್ಲಿ ಹಸಿಯಾಗಿ ಕಾಣಿಸಿಕೊಳ್ಳುತ್ತದೋ ಹೇಳೋಕಾಗಲ್ಲ. ಬೇಡ ಬಿಡಿ.

ತೆಗೆಯೋದು ಬೇಡ, ಮರೆಮಾಚಿ

ಡಬ್ಲ್ಯುಪಿಟೆಕ್ಸ್ಚರೈಜ್ ಹುಡುಕೋದು ನಿಜವಾದ ಹೈಫನ್, ನಿಜವಾದ ಕೋಟ್. ಅದೇ ಹೈಫನ್‌ನ್ನು &#45; ಅಂತ ಅಂಕಿ ರೂಪದಲ್ಲಿ ಬರೆದರೆ ಅದಕ್ಕೆ ಗುರುತೇ ಸಿಗುವುದಿಲ್ಲ. ಬ್ರೌಸರ್‌ಗೆ ಮಾತ್ರ ಎರಡೂ ಒಂದೇ. ಓದುಗನಿಗೆ ಕಾಣೋದೂ ಹೈಫನ್, ಕಾಪಿ ಮಾಡಿದರೆ ಬರೋದೂ ಹೈಫನ್. ಪೊಲೀಸರ ಕಣ್ಣೆದುರೇ ವೇಷ ಹಾಕಿಕೊಂಡು ನಡೆದು ಹೋದ ಹಾಗೆ. ಒಂದಲ್ಲ, ಎಷ್ಟು ಸಲ ಟೆಕ್ಸ್ಚರೈಜ್ ಓಡಿದರೂ ಅಷ್ಟೇ, ಹಾಗಾಗಿ ಬ್ಲಾಕ್ ಥೀಮ್‌ನ ಎರಡನೇ ಸುತ್ತಿಗೂ ಇದು ಜಗ್ಗುವುದಿಲ್ಲ.

ಒಂದೇ ಒಂದು ಶೀರ್ಷಿಕೆ ಇದ್ದರೆ ಕೋಡ್ ಕೂಡ ಬೇಡ. ಹಳೇ ಕ್ಲಾಸಿಕ್ ಎಡಿಟರ್ ಆದರೆ ಎಡಿಟ್ ಪುಟಕ್ಕೆ ಹೋಗಿ, ಶೀರ್ಷಿಕೆಯಲ್ಲಿ ಎರಡು ಹೈಫನ್ ಇರೋ ಕಡೆ &#45;&#45; ಅಂತ ಟೈಪ್ ಮಾಡಿ ಸೇವ್ ಮಾಡಿ. ಮುಗೀತು. ಶೀರ್ಷಿಕೆಗಳು ಜಾಸ್ತಿ ಇದ್ದರೆ, ಅಥವಾ ಬೇರೆಯವರೂ ಬರೆಯೋ ಸೈಟಾದರೆ ಹೀಗೆ ಕೈಯಲ್ಲಿ ಮಾಡೋದು ಬಾಳಿಕೆ ಬರಲ್ಲ. ಯಾರೋ ಬಂದು "ಏನಿದು ಕಸ" ಅಂತ ಅಳಿಸಿಬಿಡುತ್ತಾರೆ. ಅದಕ್ಕೆ ಚಿಕ್ಕ ಪ್ಲಗಿನ್ ಬರೆಯೋಣ.

ಪ್ಲಗಿನ್ ಬರೆಯೋದು

ಎಲ್ಲಿ ಬರೆಯಬೇಕು ಅನ್ನೋದು ಮೊದಲ ಪ್ರಶ್ನೆ. ಥೀಮ್‌ನ ಫಂಕ್ಷನ್ಸ್ ಡಾಟ್ ಪಿಎಚ್‌ಪಿ ಫೈಲಿನಲ್ಲಿ ನೇರವಾಗಿ ಬರೆದರೆ ಥೀಮ್ ಅಪ್‌ಡೇಟ್ ಆದ ದಿನ ಹೋಯಿತು. ಚೈಲ್ಡ್ ಥೀಮ್ ಆದರೆ ಪರವಾಗಿಲ್ಲ, ಆದರೂ ಥೀಮ್ ಬದಲಿಸಿದ ದಿನ ಮತ್ತೆ ಇದೇ ಗೋಳು. ಮಸ್ಟ್ ಯೂಸ್ ಪ್ಲಗಿನ್ ಫೋಲ್ಡರ್‌ನಲ್ಲಿ (ಅಲ್ಲಿಟ್ಟದ್ದು ತಾನಾಗೇ ಆನ್ ಆಗಿರುತ್ತದೆ) ಹಾಕಿ ಅಂತ ಕೆಲವರು ಹೇಳುತ್ತಾರೆ. ನಾನು ಮಾಮೂಲಿ ಪ್ಲಗಿನ್ನೇ ಮಾಡಿ ಅನ್ನುತ್ತೇನೆ. 2019ರ 5.2 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ರಿಕವರಿ ಮೋಡ್ ಇದೆ, ಯಾವುದಾದರೂ ಪ್ಲಗಿನ್ ಸೈಟನ್ನು ಬೀಳಿಸಿದರೆ ಅಡ್ಮಿನ್‌ಗೆ ಮೇಲ್ ಬರುತ್ತದೆ, ಅದರ ಲಿಂಕ್‌ನಿಂದ ಒಳಗೆ ಹೋಗಿ ಆ ಪ್ಲಗಿನ್ ನಿಲ್ಲಿಸಬಹುದು. ಮಸ್ಟ್ ಯೂಸ್ ಪ್ಲಗಿನ್‌ಗೆ ಈ ರಕ್ಷಣೆ ಇಲ್ಲ. ಒಂದು ಸೆಮಿಕೋಲನ್ ಬಿಟ್ಟುಹೋದರೆ ಎಫ್‌ಟಿಪಿ ಹಿಡಿದುಕೊಂಡು ಓಡಬೇಕು.

ಪ್ಲಗಿನ್ಸ್ ಫೋಲ್ಡರ್‌ನಲ್ಲಿ ಹೊಸ ಪಿಎಚ್‌ಪಿ ಫೈಲ್ ಮಾಡಿ. ಪಿಎಚ್‌ಪಿ ಶುರುವಾಗುವ ಗುರುತು, ಆಮೇಲೆ ಒಂದು ಕಾಮೆಂಟ್, ಅದರೊಳಗೆ ಪ್ಲಗಿನ್ ನೇಮ್, ಕೋಲನ್, ನಿಮಗೆ ಬೇಕಾದ ಹೆಸರು. ಇಷ್ಟಿದ್ದರೆ ವರ್ಡ್‌ಪ್ರೆಸ್ ಇದನ್ನು ಪ್ಲಗಿನ್ ಅಂತ ಒಪ್ಪಿಕೊಳ್ಳುತ್ತದೆ. ಫೈಲನ್ನು ಯುಟಿಎಫ್-8ನಲ್ಲೇ ಸೇವ್ ಮಾಡಿ.

ಈಗ ಫಂಕ್ಷನ್. ಇದಕ್ಕೆ ನೇರ_ಶೀರ್ಷಿಕೆ ಅಂತಲೇ ಹೆಸರಿಡಿ, ಕನ್ನಡದಲ್ಲೇ. ಹೌದು, ಪಿಎಚ್‌ಪಿಯಲ್ಲಿ ಫಂಕ್ಷನ್ ಹೆಸರೂ ವೇರಿಯಬಲ್ ಹೆಸರೂ ಕನ್ನಡದಲ್ಲಿ ಇರಬಹುದು, ಭಾಷೆ ಅದನ್ನು ಒಪ್ಪುತ್ತದೆ. ವರ್ಡ್‌ಪ್ರೆಸ್‌ನ ಬೇರೆ ಯಾವ ಪ್ಲಗಿನ್‌ನ ಹೆಸರಿನ ಜೊತೆಗೂ ಇದು ಗುದ್ದಾಡುವ ಸಾಧ್ಯತೆ ಇಲ್ಲ ಅನ್ನೋದು ಲಾಭ. ತಂಡದಲ್ಲಿ ಕನ್ನಡ ಬಾರದವರು ಇದ್ದರೆ ಇಂಗ್ಲಿಷಿನಲ್ಲೇ ಇಡಿ, ಪಾಪ.

ಫಂಕ್ಷನ್ ಎರಡು ವಿಷಯ ತೆಗೆದುಕೊಳ್ಳಬೇಕು. ಮೊದಲನೆಯದು ಶೀರ್ಷಿಕೆ, ಎರಡನೆಯದು ಪುಟದ ಐಡಿ. ಎರಡನೆಯದಕ್ಕೆ ಸೊನ್ನೆ ಅಂತ ಡಿಫಾಲ್ಟ್ ಬೆಲೆ ಕೊಟ್ಟಿರಿ. ಕೆಲವು ಹಳೇ ಥೀಮ್‌ಗಳೂ ಪ್ಲಗಿನ್‌ಗಳೂ ದ_ಟೈಟಲ್ ಫಿಲ್ಟರನ್ನು ಐಡಿ ಕೊಡದೆಯೇ ಕರೆಯುತ್ತವೆ. ಡಿಫಾಲ್ಟ್ ಇಲ್ಲದಿದ್ದರೆ ಆಗ ಸೈಟ್ ನೇರವಾಗಿ ಮಲಗುತ್ತದೆ.

ಒಳಗೆ ಮೊದಲ ಕೆಲಸ ಐಡಿಯನ್ನು ಸರಿಯಾಗಿ ತಿಳಿದುಕೊಳ್ಳೋದು. ಇಲ್ಲಿ ಎರಡು ತಿರುವು ಇದೆ. ಒಂದು, ಇದೇ ಫಂಕ್ಷನ್‌ನ್ನು ನಾವು ಬ್ರೌಸರ್ ಟ್ಯಾಬ್‌ನ ಶೀರ್ಷಿಕೆಗೂ ಬಳಸುತ್ತೇವೆ, ಅಲ್ಲಿ ಎರಡನೆಯದಾಗಿ ಬರೋದು ಐಡಿ ಅಲ್ಲ, ಇಡೀ ಪೋಸ್ಟ್ ಆಬ್ಜೆಕ್ಟ್. ಹಾಗಾಗಿ ಬಂದದ್ದು ಆಬ್ಜೆಕ್ಟ್ ಆದರೆ ಅದರಿಂದ ಐಡಿ ತೆಗೆದುಕೊಳ್ಳಿ. ಇನ್ನೊಂದು, ಕ್ಲಾಸಿಕ್ ಥೀಮ್‌ನ ಮೆನು. ಮೆನುವಿನಲ್ಲಿರೋ ಶೀರ್ಷಿಕೆಗಳೂ ದ_ಟೈಟಲ್ ಮೂಲಕವೇ ಹೋಗುತ್ತವೆ, ಆದರೆ ಜೊತೆಗೆ ಬರೋ ಐಡಿ ಪುಟದ್ದಲ್ಲ, ಮೆನು ಐಟಂನದ್ದು. ಪುಟದ ಐಡಿ 42 ಇದ್ದರೆ ಅದರ ಮೆನು ಐಟಂಗೆ ಬೇರೆಯೇ ಐಡಿ ಇರುತ್ತದೆ, ಹಾಗಾಗಿ ಪುಟದಲ್ಲಿ ಸರಿಯಾಗಿ, ಮೆನುವಿನಲ್ಲಿ ಮಾತ್ರ ಗೆರೆ ಉಳಿದುಬಿಡಬಹುದು. ಇದಕ್ಕೆ ಗೆಟ್_ಪೋಸ್ಟ್_ಟೈಪ್‌ನಿಂದ ಬಂದ ಐಡಿಯ ಬಗೆ ನ್ಯಾವ್_ಮೆನು_ಐಟಂ ಹೌದಾ ಅಂತ ಕೇಳಿ, ಹೌದಾದರೆ ಗೆಟ್_ಪೋಸ್ಟ್_ಮೆಟಾ ಮೂಲಕ _ಮೆನು_ಐಟಂ_ಆಬ್ಜೆಕ್ಟ್_ಐಡಿ ಅನ್ನೋ ಬೆಲೆ ತೆಗೆಯಿರಿ. ಮುಂದೆ ಒಂದು ಅಂಡರ್‌ಸ್ಕೋರ್ ಇದೆ, ಬಿಡಬೇಡಿ. ಅದೇ ಅಸಲಿ ಪುಟದ ಐಡಿ.

ಎರಡನೇ ಕೆಲಸ: ಈ ಪುಟ ಬಿಡಬೇಕಾದ ಪಟ್ಟಿಯಲ್ಲಿ ಇದೆಯಾ? ಎರಡು ರೀತಿ ಮಾಡಬಹುದು. ಫಂಕ್ಷನ್‌ನೊಳಗೇ 42, 108, 377 ಅಂತ ಐಡಿಗಳ ಅರೇ ಇಟ್ಟು ಇನ್_ಅರೇ ಬಳಸಿ ನೋಡೋದು ಒಂದು. ಐಡಿ ಬೇಕಂದರೆ ಎಡಿಟ್ ಪುಟದ ವಿಳಾಸದಲ್ಲಿ ಪೋಸ್ಟ್ ಸಮ ಚಿಹ್ನೆ ಆದ ಮೇಲೆ ಇರೋ ಅಂಕಿ ನೋಡಿ. ಮೆಟಾದಿಂದ ಬರೋ ಐಡಿ ಸ್ಟ್ರಿಂಗ್ ಆಗಿರುತ್ತದೆ, ಹೋಲಿಸೋ ಮೊದಲು ಇಂಟ್ ಮಾಡಿಕೊಳ್ಳಿ.

ನನಗೆ ಮೆಚ್ಚುಗೆ ಎರಡನೇ ರೀತಿ, ಕಸ್ಟಮ್ ಫೀಲ್ಡ್, ಅಂದರೆ ಪುಟದ ಜೊತೆ ಇಡೋ ಹೆಸರು ಮತ್ತು ಬೆಲೆಯ ಜೋಡಿ. ಬಿಡಬೇಕಾದ ಪ್ರತಿ ಪುಟಕ್ಕೂ ಒಂದು ಕಸ್ಟಮ್ ಫೀಲ್ಡ್ ಹಾಕಿ, ಬೆಲೆ 1 ಅಂತ ಕೊಡಿ. ಫಂಕ್ಷನ್‌ನಲ್ಲಿ ಗೆಟ್_ಪೋಸ್ಟ್_ಮೆಟಾ ಕೇಳಿ, ಇದ್ದರೆ ಮುಂದಿನ ಕೆಲಸಕ್ಕೆ ಹೋಗು, ಇಲ್ಲದಿದ್ದರೆ ಬಂದ ಶೀರ್ಷಿಕೆಯನ್ನು ಹಾಗೇ ವಾಪಸ್ ಕೊಡು. ಹೊಸ ಪುಟ ಸೇರಿಸೋಕೆ ಕೋಡ್ ಮುಟ್ಟಬೇಕಾಗಿಲ್ಲ, ಬರೆಯೋರೇ ಮಾಡಿಕೊಳ್ಳುತ್ತಾರೆ. ಬ್ಲಾಕ್ ಎಡಿಟರ್‌ನಲ್ಲಿ ಕಸ್ಟಮ್ ಫೀಲ್ಡ್ಸ್ ಡಬ್ಬಿ ಮೊದಲಿಗೆ ಕಾಣೋದಿಲ್ಲ. ಮೇಲಿನ ಮೂರು ಚುಕ್ಕಿ ಒತ್ತಿ, ಪ್ರಿಫರೆನ್ಸಸ್ ಒಳಗೆ ಅದನ್ನು ಆನ್ ಮಾಡಬೇಕು, ಆಮೇಲೆ ಪುಟ ಒಮ್ಮೆ ರೀಲೋಡ್ ಆಗುತ್ತದೆ. ಫೀಲ್ಡ್ ಹೆಸರನ್ನು ಅಂಡರ್‌ಸ್ಕೋರ್‌ನಿಂದ ಶುರು ಮಾಡಬೇಡಿ, ಹಾಗೆ ಮಾಡಿದರೆ ಅದು ಗುಟ್ಟಿನದು ಅಂತ ತಿಳಿದು ವರ್ಡ್‌ಪ್ರೆಸ್ ಆ ಡಬ್ಬಿಯಲ್ಲಿ ತೋರಿಸೋದೇ ಇಲ್ಲ.

ಮೂರನೆಯದು ವೇಷ ಹಾಕೋದು. ಎಸ್‌ಟಿಆರ್_ರಿಪ್ಲೇಸ್‌ಗೆ ಎರಡು ಅರೇ ಕೊಡಿ. ಮೊದಲನೆಯದರಲ್ಲಿ ನೆಟ್ಟಗಿನ ಜೋಡಿ ಕೋಟ್, ಒಂಟಿ ಕೋಟ್, ಹೈಫನ್, ಬ್ಯಾಕ್‌ಟಿಕ್, ಮತ್ತು ಅಕ್ಕಪಕ್ಕ ಮೂರು ಚುಕ್ಕಿ. ಎರಡನೆಯದರಲ್ಲಿ ಅದೇ ಕ್ರಮದಲ್ಲಿ &#34; &#39; &#45; &#96; ಮತ್ತು &#46;&#46;&#46; ಅಷ್ಟೇ. ಬದಲಿಸಿದ ತುಂಡುಗಳಲ್ಲಿ ಮೊದಲ ಪಟ್ಟಿಯ ಯಾವ ಚಿಹ್ನೆಯೂ ಇಲ್ಲದಿರೋದರಿಂದ ಒಂದರ ಮೇಲೊಂದು ಬದಲಾಗುವ ಭಯ ಇಲ್ಲ.

ಅಂಕಿಗಳ ನಡುವಿನ ಎಕ್ಸ್ ಕೂಡ ಉಳಿಯಬೇಕಾದರೆ ಅದಕ್ಕೆ ಪ್ರೆಗ್_ರಿಪ್ಲೇಸ್ ಬಳಸಿ, ಹಿಂದೆ ಅಂಕಿ ಮುಂದೆ ಅಂಕಿ ಇರೋ ಎಕ್ಸ್‌ನ್ನು ಮಾತ್ರ &#120; ಮಾಡಿ. ಎಲ್ಲಾ ಎಕ್ಸ್‌ಗಳನ್ನೂ ಒಟ್ಟಿಗೆ ಬದಲಿಸೋಕೆ ಹೋಗಬೇಡಿ, ಶೀರ್ಷಿಕೆಯಲ್ಲಿ ಮೊದಲೇ ಹೆಕ್ಸ್ ರೂಪದ ಎಂಟಿಟಿ ಏನಾದರೂ ಇದ್ದರೆ ಒಡೆದುಹೋಗುತ್ತದೆ. ಹಾಗೇ, ಶೀರ್ಷಿಕೆಯೊಳಗೆ ಕ್ಲಾಸ್ ಇತ್ಯಾದಿ ಹೊತ್ತ ಎಚ್‌ಟಿಎಂಎಲ್ ಟ್ಯಾಗ್ ಇದ್ದರೆ ಅದರ ಕೋಟ್‌ಗಳೂ ವೇಷ ಹಾಕಿಕೊಂಡು ಟ್ಯಾಗ್ ಕೆಡುತ್ತದೆ. ಅಂಥ ಶೀರ್ಷಿಕೆಗೆ ಈ ಫೀಲ್ಡ್ ಹಾಕಬೇಡಿ.

ಬದಲಾದ ಶೀರ್ಷಿಕೆಯನ್ನು ವಾಪಸ್ ಕೊಟ್ಟರೆ ಫಂಕ್ಷನ್ ಮುಗೀತು. ಇನ್ನು ಆಡ್_ಫಿಲ್ಟರ್ ಎರಡು ಸಲ. ಮೊದಲ ಸಲ ದ_ಟೈಟಲ್, ಎರಡನೇ ಸಲ ಸಿಂಗಲ್_ಪೋಸ್ಟ್_ಟೈಟಲ್. ಎರಡಕ್ಕೂ ಫಂಕ್ಷನ್ ಹೆಸರು ನೇರ_ಶೀರ್ಷಿಕೆ, ಆದ್ಯತೆ 9, ಕೊನೆಗೆ 2. ಈ 9 ಮುಖ್ಯ: ಟೆಕ್ಸ್ಚರೈಜ್ 10ರಲ್ಲಿ ಬರುತ್ತದೆ, ನಾವು ಅದಕ್ಕಿಂತ ಮೊದಲು ಮುಗಿಸಬೇಕು. ಕೊನೆಯ 2 ಇನ್ನೂ ಮುಖ್ಯ: ಅದನ್ನು ಬರೆಯದಿದ್ದರೆ ವರ್ಡ್‌ಪ್ರೆಸ್ ನಿಮ್ಮ ಫಂಕ್ಷನ್‌ಗೆ ಶೀರ್ಷಿಕೆ ಮಾತ್ರ ಕೊಡುತ್ತದೆ, ಐಡಿ ಕೊಡೋದಿಲ್ಲ, ಆಗ ಯಾವ ಪುಟವೂ ಪಟ್ಟಿಗೆ ಹೊಂದುವುದಿಲ್ಲ, ತಪ್ಪು ಎಲ್ಲಿದೆ ಅಂತಲೂ ಎಲ್ಲೂ ಬರೋದಿಲ್ಲ.

ಟ್ಯಾಬ್‌ನ ವಿಚಾರ

ಎರಡನೇ ಆಡ್_ಫಿಲ್ಟರ್ ಯಾಕೆ ಅಂದರೆ, ಬ್ರೌಸರ್ ಟ್ಯಾಬ್‌ನಲ್ಲಿ ಕಾಣೋ ಶೀರ್ಷಿಕೆ ದ_ಟೈಟಲ್ ದಾರಿಯಲ್ಲಿ ಬರೋದೇ ಇಲ್ಲ. ಅದಕ್ಕೆ ಸಿಂಗಲ್_ಪೋಸ್ಟ್_ಟೈಟಲ್ ಅನ್ನೋ ಬೇರೆ ಫಿಲ್ಟರ್, ಅಲ್ಲೂ ಟೆಕ್ಸ್ಚರೈಜ್ ಇದೆ. ಆಮೇಲೆ ಸೈಟಿನ ಹೆಸರು ಸೇರಿಸಿ ಪೂರ್ತಿ ಸಾಲು ಮಾಡಿದ ಮೇಲೆ ಮತ್ತೊಮ್ಮೆ ಟೆಕ್ಸ್ಚರೈಜ್ ಆಗುತ್ತದೆ. ಶೀರ್ಷಿಕೆ ಮತ್ತು ಸೈಟಿನ ಹೆಸರಿನ ನಡುವೆ ವರ್ಡ್‌ಪ್ರೆಸ್ ಹಾಕೋದು ಬರೀ ಹೈಫನ್, ಟ್ಯಾಬ್‌ನಲ್ಲಿ ಅದು ಗೆರೆಯಾಗಿ ಕಾಣೋದು ಈ ಕೊನೇ ಸುತ್ತಿನಿಂದಲೇ. ನಮ್ಮ ವೇಷ ಈ ಸುತ್ತನ್ನೂ ದಾಟುತ್ತದೆ. ಕೊನೆಯಲ್ಲಿ ಎಸ್ಕೇಪ್ ಮಾಡುವಾಗಲೂ ವರ್ಡ್‌ಪ್ರೆಸ್ ಮೊದಲೇ ಇರೋ ಎಂಟಿಟಿಗಳನ್ನು ಎರಡೆರಡು ಸಲ ಎನ್‌ಕೋಡ್ ಮಾಡೋದಿಲ್ಲ, ಹಾಗಾಗಿ ಆ ಚಿಂತೆಯೂ ಬೇಡ.

ಎಸ್‌ಇಓ ಪ್ಲಗಿನ್ ಇದ್ದರೆ ಟ್ಯಾಬ್‌ನ ಶೀರ್ಷಿಕೆಯನ್ನು ಅದೇ ಬರೆಯುತ್ತದೆ. ಆಗ ಆ ಪ್ಲಗಿನ್‌ನ ಸೆಟ್ಟಿಂಗ್ಸ್‌ನಲ್ಲೇ ನೋಡಬೇಕು.

ಪ್ಲಗಿನ್ ಆನ್ ಮಾಡಿ, ಕ್ಯಾಶ್ ಖಾಲಿ ಮಾಡಿ, ಮತ್ತೆ ಕಂಟ್ರೋಲ್ ಯು. ಶೀರ್ಷಿಕೆ ಇರೋ ಜಾಗದಲ್ಲಿ &#45;&#45; ಕಂಡರೆ ಗೆದ್ದಿರಿ. ಇನ್ನೂ &#8211; ಇದ್ದರೆ ಕ್ಯಾಶ್ ಪೂರ್ತಿ ಹೋಗಿಲ್ಲ, ಅಥವಾ ಕಸ್ಟಮ್ ಫೀಲ್ಡ್ ಹೆಸರಿನಲ್ಲಿ ಕಾಗುಣಿತ ವ್ಯತ್ಯಾಸ ಇದೆ. ಬ್ಲಾಕ್ ಥೀಮ್‌ನ ನ್ಯಾವಿಗೇಶನ್ ಬ್ಲಾಕ್‌ನಲ್ಲಿ ಮಾತ್ರ ಇನ್ನೂ ಗೆರೆ ಉಳಿದಿದ್ದರೆ ಗಾಬರಿ ಬೇಡ, ಅಲ್ಲಿನ ಲೇಬಲ್ ಪುಟದ ಶೀರ್ಷಿಕೆಯಿಂದ ಆಗಾಗ ತರಿಸಿಕೊಳ್ಳೋದಲ್ಲ, ಬೇರೆಯಾಗಿ ಸೇವ್ ಆಗಿರೋದು. ಆ ಲೇಬಲ್‌ನಲ್ಲಿ ಕಮಾಂಡ್ ಯಾಕೆ ಬೇಕು ಹೇಳಿ, ಚಿಕ್ಕದಾಗಿ "ಗಿಟ್ ಪುಶ್" ಅಂತ ಬದಲಿಸಿಬಿಡಿ.

ಟೈಪೋಗ್ರಫಿ ಪ್ಲಗಿನ್‌ಗಳಿದ್ದರೆ

ಕೋಟ್, ಗೆರೆ, ಪದ ಒಡೆಯೋದು, ಸಾಲಿನ ಕೊನೆಯಲ್ಲಿ ಒಂಟಿ ಪದ ಉಳಿಯದ ಹಾಗೆ ನೋಡೋದು, ಇದನ್ನೆಲ್ಲ ಮಾಡೋ ಬೇರೆ ಪ್ಲಗಿನ್‌ಗಳಿವೆ, ಡಬ್ಲ್ಯುಪಿ-ಟೈಪೋಗ್ರಫಿ ಅಂಥದು. ಅದರ ಮುಂದೆ ನಮ್ಮ ವೇಷ ನಡೆಯಲ್ಲ. ಅದು ಎಚ್‌ಟಿಎಂಎಲ್‌ನ್ನು ಪಾರ್ಸ್ ಮಾಡುತ್ತದೆ, ಪಾರ್ಸ್ ಮಾಡಿದ ಕೂಡಲೇ &#45; ಮತ್ತೆ ಮಾಮೂಲಿ ಹೈಫನ್ ಆಗುತ್ತದೆ. ಅಲ್ಲಿ ಅದರದೇ ಸೆಟ್ಟಿಂಗ್ಸ್ ನೋಡಿ, ಯಾವ ಟ್ಯಾಗ್, ಯಾವ ಕ್ಲಾಸ್, ಯಾವ ಐಡಿ ಬಿಡಬೇಕು ಅಂತ ಹೇಳೋಕೆ ಜಾಗ ಕೊಟ್ಟಿದ್ದಾರೆ.

ಸಿಎಸ್‌ಎಸ್‌ನಿಂದ ಆಗೋ ಅಲಂಕಾರ

ಥೀಮ್‌ನವರು ಶೀರ್ಷಿಕೆಗೆ ಟೆಕ್ಸ್ಟ್-ಟ್ರಾನ್ಸ್‌ಫಾರ್ಮ್ ಅಪ್ಪರ್‌ಕೇಸ್ ಹಾಕಿರುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲವಲ್ಲ, ಹಾಗಾಗಿ ಪೂರ್ತಿ ಕನ್ನಡ ಶೀರ್ಷಿಕೆ ಇದ್ದರೆ ಇದು ಇದೆ ಅಂತಲೇ ಗೊತ್ತಾಗಲ್ಲ. ಶೀರ್ಷಿಕೆಯಲ್ಲಿ ಇಂಗ್ಲಿಷ್ ಕಮಾಂಡ್ ಬಂದಾಗ ಮಾತ್ರ ಎಲ್ಲಾ ದೊಡ್ಡಕ್ಷರ ಆಗಿ ಕೂಗಾಡುತ್ತದೆ. ಲಿನಕ್ಸ್ ಕಮಾಂಡ್‌ನಲ್ಲಿ ಸಣ್ಣ ಆರ್ ಬೇರೆ, ದೊಡ್ಡ ಆರ್ ಬೇರೆ, ಆದ್ದರಿಂದ ಇದು ಬರೀ ಅಂದದ ಪ್ರಶ್ನೆ ಅಲ್ಲ.

ಇದಕ್ಕೆ ಪಿಎಚ್‌ಪಿ ಬೇಡ. ವರ್ಡ್‌ಪ್ರೆಸ್ ಬಾಡಿ ಟ್ಯಾಗ್‌ಗೆ ತಾನೇ ಕ್ಲಾಸ್ ಹಾಕುತ್ತದೆ, ಪೇಜ್ ಆದರೆ ಪೇಜ್-ಐಡಿ-42, ಪೋಸ್ಟ್ ಆದರೆ ಪೋಸ್ಟ್‌ಐಡಿ-42. ಎರಡನೆಯದರಲ್ಲಿ ಪೋಸ್ಟ್ ಮತ್ತು ಐಡಿ ನಡುವೆ ಹೈಫನ್ ಇಲ್ಲ, ಗಮನಿಸಿ. ಆ ಕ್ಲಾಸ್, ಅದರ ಒಳಗೆ ಶೀರ್ಷಿಕೆಯ ಕ್ಲಾಸ್ (ಕ್ಲಾಸಿಕ್ ಥೀಮ್‌ಗಳಲ್ಲಿ ಹೆಚ್ಚಾಗಿ ಎಂಟ್ರಿ-ಟೈಟಲ್, ಬ್ಲಾಕ್ ಥೀಮ್‌ನಲ್ಲಿ ಡಬ್ಲ್ಯುಪಿ-ಬ್ಲಾಕ್-ಪೋಸ್ಟ್-ಟೈಟಲ್) ಹಿಡಿದು ಟೆಕ್ಸ್ಟ್-ಟ್ರಾನ್ಸ್‌ಫಾರ್ಮ್ ನನ್ ಅಂತ ಕೊಡಿ. ಜೋಡಿಸಿ ತೋರಿಸೋ ಫಾಂಟ್ ಇದ್ದರೆ ಅಲ್ಲೇ ಫಾಂಟ್-ವೇರಿಯಂಟ್-ಲಿಗೇಚರ್ಸ್ ನನ್ ಕೂಡ ಸೇರಿಸಿ, ಆದರೆ ಅದನ್ನು ಇಂಥ ಪುಟಗಳಿಗೆ ಮಾತ್ರ.

ಲೆಟರ್-ಸ್ಪೇಸಿಂಗ್ ಮತ್ತು ಇಟಾಲಿಕ್ ವಿಷಯದಲ್ಲಿ ಮಾತ್ರ ನನ್ನ ಸಲಹೆ ಬೇರೆ. ಇಂಗ್ಲಿಷ್ ಶೀರ್ಷಿಕೆಗೆ ಅಂತ ಕೊಟ್ಟ ಅಕ್ಷರದ ನಡುವಿನ ಅಂತರ ಕನ್ನಡಕ್ಕೆ ಬಂದರೆ ಪದ ಬಿಡಿಬಿಡಿಯಾಗಿ ಕಾಣುತ್ತದೆ, ಸುಳ್ಳು ಇಟಾಲಿಕ್ ಆದರೆ ಒತ್ತಕ್ಷರಗಳೂ ಸೇರಿ ಎಲ್ಲಾ ಒಂದು ಕಡೆ ವಾಲಿಕೊಂಡಿರುತ್ತವೆ. ಇವೆರಡನ್ನು ಪುಟ ನೋಡಿ ಬಿಡಿಸೋದು ಬೇಡ, ಲ್ಯಾಂಗ್ ಕೆಎನ್ (ಭಾಷೆ ಕನ್ನಡ ಅನ್ನೋ ಗುರುತು) ಇರೋ ಎಲ್ಲಾ ಪುಟದಲ್ಲೂ ಒಟ್ಟಿಗೆ ತೆಗೆದುಬಿಡಿ.

ವರ್ಡ್‌ಪ್ರೆಸ್ ಬಿಟ್ಟು ಹ್ಯೂಗೋ, ಜೆಕಿಲ್ ಥರದ ಸ್ಟ್ಯಾಟಿಕ್ ಸೈಟ್ ಕಟ್ಟೋ ಸಾಧನ ಹಿಡಿದವರಿಗೆ ಎರಡು ಮಾತು. ಹ್ಯೂಗೋದಲ್ಲಿ ಟೈಪೋಗ್ರಾಫರ್ ಮೊದಲಿನಿಂದಲೇ ಆನ್ ಇರುತ್ತದೆ, ಆದರೆ ಅದು ಓಡೋದು ಮಾರ್ಕ್‌ಡೌನ್ ಮೇಲೆ. ಫ್ರಂಟ್ ಮ್ಯಾಟರ್‌ನಲ್ಲಿರೋ (ಫೈಲಿನ ತಲೆಯಲ್ಲಿ ಬರೆಯೋ ವಿವರಗಳ ಭಾಗ) ಶೀರ್ಷಿಕೆ ಕೆಡುತ್ತಿದೆ ಅಂದರೆ ಥೀಮ್‌ನವರು ಅದನ್ನು ಮಾರ್ಕ್‌ಡೌನಿಫೈ ಮೂಲಕ ಕಳಿಸಿದ್ದಾರೆ ಅಂತ ಅರ್ಥ. ಜೆಕಿಲ್‌ನಲ್ಲಿ ಲೇಔಟ್ ಫೈಲ್ ತೆರೆದು ಶೀರ್ಷಿಕೆಯ ಪಕ್ಕ ಸ್ಮಾರ್ಟಿಫೈ ಇದೆಯಾ ನೋಡಿ. ಎರಡರಲ್ಲೂ ಫ್ರಂಟ್ ಮ್ಯಾಟರ್‌ಗೆ ಒಂದು ಸಾಲು ಸೇರಿಸಿ, ಅದು ಇದ್ದರೆ ಶೀರ್ಷಿಕೆ ಹಾಗೇ, ಇಲ್ಲದಿದ್ದರೆ ಅಲಂಕಾರದ ಜೊತೆ ಅಂತ ಲೇಔಟ್‌ನಲ್ಲಿ ಷರತ್ತು ಬರೆದರೆ ಸಾಕು, ವೇಷದ ಗೊಡವೆಯೇ ಬೇಕಾಗಲ್ಲ.